ಕಪ್ಪಿನೊಳಗಿಂದ ಹೆರೆದು ತೆಗೆದ ಬೆಳಕು

ಪ್ರಶ್ನೆ: ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಕಾವ್ಯಕ್ಕೆ ಜಾನ್ ಮಾರ್ಟಿನ್ ಮಾಡಿದ ಚಿತ್ರಗಳನ್ನೂ ಜರ್ಮನ್ ಕವಿ ಗಯಟೆಯ ‘ಫೌಸ್ಟ್’ ನಾಟಕಕ್ಕೆ ಡೆಲಾಕ್ರವಾ ಮಾಡಿದ ಚಿತ್ರಗಳನ್ನೂ ಈಚೆಗೆ ನೋಡಿದೆ. ಬಣ್ಣವೇ ಇಲ್ಲದಿದ್ದರೂ ಬೆಳಕು ಚಿತ್ರದ ಒಳಗಿನಿಂದಲೇ ಬರುತ್ತಿರುವಂತೆ ತೋರುತ್ತದೆ. ನಾನು ಪತ್ರಿಕೆಗಳ ಕಥೆ, ಕವಿತೆಗಳಿಗೆ ಕಪ್ಪು ಇಂಕಿನಲ್ಲಿ ಚಿತ್ರ ಬರೆಯುತ್ತೇನೆ. ರಾತ್ರಿಯ ದೃಶ್ಯ ಬಂದಾಗ ಎಷ್ಟು ಕಪ್ಪು ತುಂಬಿದರೂ ಅದು ಮಸಿಯಾಗಿಯೇ ಉಳಿಯುತ್ತದೆ, ಕತ್ತಲೆಯಾಗುವುದಿಲ್ಲ. ರೊಮ್ಯಾಂಟಿಕ್ ಕಾಲದ ಆ ಚಿತ್ರಕಾರರು ಮಾಡುತ್ತಿದ್ದುದೇನು? ಅವರಿಗೆ ಕತ್ತಲೆಯ ಮೇಲೆ ಅಷ್ಟೊಂದು ಒಲವು ಏಕೆ?

ಉತ್ತರ: ನೀವು ಬಿಳಿ ಕಾಗದದ ಮೇಲೆ ಕಪ್ಪನ್ನು ತುಂಬುತ್ತಿದ್ದೀರಿ. ನೀವು ಹೆಸರಿಸಿದ ಇಬ್ಬರೂ, ಅವರ ಕಾಲದ ಇನ್ನೂ ಕೆಲವರು, ಹೆಚ್ಚಾಗಿ ಎದುರು ದಿಕ್ಕಿನಿಂದ ಬಂದವರು. ಅವರ ಕೈಯಲ್ಲಿದ್ದ ಲೋಹದ ಫಲಕ, ಮರದ ತುಂಡು ಅಥವಾ ಕಲ್ಲು ಮೊದಲೇ ಕಪ್ಪಾಗಿತ್ತು, ಇಲ್ಲವೆ ಅವರೇ ಅದನ್ನು ಮೊದಲು ಕಪ್ಪು ಮಾಡಿಕೊಂಡರು. ಅದರಲ್ಲಿ ಬೆಳಕು ಬೇಕಾದ ಕಡೆ ಹೆರೆದು, ಕೊರೆದು, ಉಜ್ಜಿ ಕಪ್ಪನ್ನು ತೆಗೆದರು. ಹೀಗೆ ಕೆಲಸ ಮಾಡುವವನಿಗೆ ಕತ್ತಲೆ ಪುಕ್ಕಟೆಯಾಗಿ ಸಿಗುತ್ತದೆ. ಬೆಳಕಿನ ಒಂದೊಂದು ಎಳೆಯನ್ನೂ ಅವನು ದುಡಿದು ಗಳಿಸಬೇಕು. ಆದ್ದರಿಂದ ಬೆಳಕನ್ನು ಎಲ್ಲಿ ಇಡಬೇಕೆಂದು ಅವನು ತುಂಬ ಯೋಚಿಸುತ್ತಾನೆ, ಬೇಡದ ಕಡೆ ಒಂದು ಗೀರನ್ನೂ ಹಾಕುವುದಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಮುಕ್ಕಾಲು ಉತ್ತರ ಇದರಲ್ಲೇ ಇದೆ. ಇದು ಹೇಗೆ ನಡೆಯುತ್ತಿತ್ತು ಎಂಬುದನ್ನು ಒಬ್ಬೊಬ್ಬರನ್ನಾಗಿ ತೆಗೆದುಕೊಂಡು ಹೇಳುತ್ತೇನೆ.

ಮಾರ್ಟಿನ್ ಬಳಸಿದ್ದು ಮೆಜೊಟಿಂಟ್ ಎಂಬ ವಿಧಾನವನ್ನು. 1640ರ ದಶಕದಲ್ಲಿ ಲುಡ್ವಿಗ್ ಫಾನ್ ಸೀಗನ್ ಎಂಬಾತ ಕಂಡುಹಿಡಿದ ವಿಧಾನ ಅದು. ರಾಕರ್ ಎಂಬ ಉಪಕರಣದ ಬಾಗಿದ ಅಂಚಿನಲ್ಲಿ ಒತ್ತೊತ್ತಾಗಿ ಸಣ್ಣ ಹಲ್ಲುಗಳಿರುತ್ತವೆ. ಅದನ್ನು ಅತ್ತಿತ್ತ ಹೊರಳಿಸುತ್ತ ಲೋಹದ ಫಲಕದ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಓರೆಯಾಗಿ ಮತ್ತೆ ಮತ್ತೆ ನಡೆಸಬೇಕು. ಇಡೀ ಮೇಲ್ಮೈ ತರಿತರಿಯಾಗುವವರೆಗೂ ಈ ಬೇಸರದ ಕೆಲಸ ಸಾಗುತ್ತದೆ. ಆ ಸ್ಥಿತಿಯಲ್ಲಿ ಫಲಕಕ್ಕೆ ಶಾಯಿ ಹಚ್ಚಿ ಅಚ್ಚು ತೆಗೆದರೆ ಕಾಗದದ ತುಂಬ ಒಂದೇ ಸಮನಾದ, ಮಖಮಲ್ಲಿನಂಥ ಕಪ್ಪು ಬರುತ್ತದೆ. ಚಿತ್ರ ಆರಂಭವಾಗುವುದು ಆಮೇಲೆ. ಚೂಪಾದ ಅಲಗಿನಿಂದ ತರಿಯನ್ನು ಸ್ವಲ್ಪ ಹೆರೆದರೆ ಅಲ್ಲಿ ಶಾಯಿ ಕಡಿಮೆ ನಿಲ್ಲುತ್ತದೆ, ಬೂದು ಬಣ್ಣ ಸಿಗುತ್ತದೆ. ಇನ್ನಷ್ಟು ಹೆರೆದರೆ ತಿಳಿಬೂದು. ಪೂರ್ತಿ ಹೆರೆದು ನುಣುಪಾಗುವಂತೆ ಉಜ್ಜಿದರೆ ಶಾಯಿ ನಿಲ್ಲುವುದೇ ಇಲ್ಲ, ಕಾಗದದ ಬಿಳಿ ಹೊರಬರುತ್ತದೆ. ಈ ಪದ್ಧತಿಯಲ್ಲಿ ಗೆರೆ ಎಂಬುದೇ ಇಲ್ಲದಿರುವುದನ್ನು ಗಮನಿಸಿ. ಕಪ್ಪಿನಿಂದ ಬಿಳಿಗೆ ಹೋಗುವ ದಾರಿಯಲ್ಲಿ ಎಲ್ಲೂ ಅಂಚು ಬೀಳದಂತೆ ಸಾಗಬಹುದು. ಪೆನ್ನಿನಿಂದ ಅಡ್ಡಗೆರೆ ಎಳೆಯುವವರಿಗೆ ಈ ಸೌಕರ್ಯವಿಲ್ಲ.

ಪ್ರಕಾಶಕ ಸೆಪ್ಟಿಮಸ್ ಪ್ರೊವೆಟ್ ಮಾರ್ಟಿನ್‌ಗೆ 24 ಚಿತ್ರಗಳಿಗಾಗಿ 2,000 ಪೌಂಡ್ ಕೊಟ್ಟ. ಅವೇ ಚಿತ್ರಗಳನ್ನು ಚಿಕ್ಕ ಅಳತೆಯಲ್ಲಿ ಮತ್ತೊಮ್ಮೆ ಮಾಡಿಕೊಡಲು ಇನ್ನೂ 1,500 ಪೌಂಡ್. 1825ರಿಂದ 1827ರವರೆಗೆ ಅವು ಕಂತುಗಳಲ್ಲಿ ಹೊರಬಂದವು. ಆಗಿನ ರೂಢಿಯಂತೆ ಚಿತ್ರಕಾರ ಚಿತ್ರ ಬರೆದುಕೊಟ್ಟರೆ ಕೆತ್ತುವವನು ಬೇರೆಯೇ ಇರುತ್ತಿದ್ದ. ಮಾರ್ಟಿನ್ ಮಾತ್ರ ನೇರವಾಗಿ ಫಲಕದ ಮೇಲೇ ಚಿತ್ರವನ್ನು ಕಲ್ಪಿಸುತ್ತ ಹೋದ. ಅವನು ಬಳಸಿದ್ದು ಉಕ್ಕಿನ ಫಲಕಗಳನ್ನು. ತಾಮ್ರದ ಫಲಕದಲ್ಲಿ ಆ ಸೂಕ್ಷ್ಮ ತರಿ ಬೇಗ ಸವೆದುಹೋಗುತ್ತದೆ, ಕೆಲವೇ ಒಳ್ಳೆಯ ಪ್ರತಿಗಳು ಸಿಗುತ್ತವೆ. 1820ರ ದಶಕದ ಮೊದಲಿಗೆ ಥಾಮಸ್ ಲಪ್ಟನ್ ಮೊದಲಾದವರು ಉಕ್ಕನ್ನು ಪಳಗಿಸಿದ್ದರಿಂದ ಆಳವಾದ ಕಪ್ಪನ್ನು ಹೆಚ್ಚು ಓದುಗರಿಗೆ ಮುಟ್ಟಿಸುವುದು ಸಾಧ್ಯವಾಯಿತು. ಕತ್ತಲೆಯ ಮೋಹದ ಬಗ್ಗೆ ಮಾತಾಡುವಾಗ ಜನ ಈ ಉಕ್ಕನ್ನು ಮರೆಯುತ್ತಾರೆ.

ಸೈತಾನ ನರಕದ ಸಭೆಯಲ್ಲಿ ಕುಳಿತ ಚಿತ್ರವನ್ನು ತೆಗೆದು ನೋಡಿ. ದೊಡ್ಡದೊಂದು ವೃತ್ತಾಕಾರದ ಸಭಾಂಗಣ. ನಡುವೆ ಗೋಳವೊಂದರ ಮೇಲೆ ಸಿಂಹಾಸನ, ಅದರಲ್ಲಿ ಒಂಟಿಯಾಗಿ ಸೈತಾನ. ಸುತ್ತ ಸಾವಿರಾರು ಮಂದಿ ನೆರೆದಿದ್ದಾರೆ, ಆದರೆ ಹತ್ತಿರದಿಂದ ನೋಡಿದರೆ ಬಹುಪಾಲು ಮುಖಗಳೇ ಇಲ್ಲ. ಬೆಳಕಿನ ಸಣ್ಣ ಚುಕ್ಕೆಗಳಿವೆ, ಅಷ್ಟೆ. ದೂರ ಹೋದಂತೆ ಚುಕ್ಕೆಗಳು ಮಂಕಾಗಿ ಎಲ್ಲಿ ನಿಂತವೆಂಬುದೇ ತಿಳಿಯದಂತೆ ಕತ್ತಲೆಯಲ್ಲಿ ಸೇರಿಹೋಗುತ್ತವೆ. ಸಭಾಂಗಣ ಎಷ್ಟು ದೊಡ್ಡದೆಂದು ಅಳೆಯಲು ಆಗುವುದಿಲ್ಲ, ಏಕೆಂದರೆ ಅದು ಎಲ್ಲಿ ಮುಗಿಯುತ್ತದೆಂದು ಮಾರ್ಟಿನ್ ತೋರಿಸಿಲ್ಲ. ಅವನ ಮನುಷ್ಯಾಕೃತಿಗಳು ಅಂಥ ಚೆನ್ನಾಗೇನೂ ಇಲ್ಲ. ಆದಾಮ, ಈವ ಹತ್ತಿರ ಬಂದಾಗಲೆಲ್ಲ ಅವನ ಕೈ ತಡವರಿಸುತ್ತದೆ. ಆಕೃತಿ ಚಿಕ್ಕದಾಗಿ ಸುತ್ತಲಿನ ಬಯಲು ದೊಡ್ಡದಾದಾಗ ಮಾತ್ರ ಅವನಿಗೆ ಸಮನಾದವರು ಆ ಕಾಲದಲ್ಲಿ ಇರಲಿಲ್ಲವೆಂದೇ ನನ್ನ ಎಣಿಕೆ.

ಇನ್ನೊಂದು ಮಾತು. ಮಿಲ್ಟನ್ನನ ನರಕದ ರಾಜಧಾನಿ ಪಾಂಡಿಮೋನಿಯಂನಲ್ಲಿ ನಾಫ್ತಾ ಎಂಬ ಎಣ್ಣೆ ಮತ್ತು ಕಲ್ಲರಗಿನಿಂದ ಉರಿಯುವ ದೀಪಗಳ ಸಾಲು ಇದೆ. 1667ರಲ್ಲಿ ಅದು ಕವಿಯ ಕಲ್ಪನೆ. 1807ರಲ್ಲಿ ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ಗ್ಯಾಸ್ ದೀಪಗಳು ಹೊತ್ತಿದ್ದವು, ಮಾರ್ಟಿನ್ ಚಿತ್ರ ಮಾಡುವ ಹೊತ್ತಿಗೆ ಅವು ನಗರದ ತುಂಬ ಹರಡಿದ್ದವು. ಅವನ ಪಾಂಡಿಮೋನಿಯಂ ನಗರದ ದೀಪಸಾಲು ಸೂರ್ಯನ ಬೆಳಕಿನಂತೆ ಮೇಲಿನಿಂದ ಬೀಳುವುದಿಲ್ಲ, ಕಟ್ಟಡಗಳಿಗೇ ಅಂಟಿಕೊಂಡು ಉರಿಯುತ್ತದೆ. ಹೊಸ ನಗರದ ರಾತ್ರಿಯನ್ನು ಕಣ್ಣಾರೆ ಕಂಡವನ ನರಕ ಅದು.

ಈಗ ನಿಮ್ಮ ಎರಡನೆಯ ಪ್ರಶ್ನೆ: ಕತ್ತಲೆಯ ಮೇಲೆ ಅಷ್ಟು ಒಲವು ಏಕೆ? ಇದಕ್ಕೆ 1757ಕ್ಕೆ ಹೋಗಬೇಕು. ಭವ್ಯತೆ ಮತ್ತು ಸೌಂದರ್ಯದ ಬಗ್ಗೆ ಚಿಂತಕ ಎಡ್ಮಂಡ್ ಬರ್ಕ್ ಬರೆದ ಪ್ರಬಂಧ ಪ್ರಕಟವಾದ ವರ್ಷ ಅದು. ಭಯ ಹುಟ್ಟಬೇಕಾದರೆ ವಸ್ತು ಅಸ್ಪಷ್ಟವಾಗಿರಬೇಕು, ಅಪಾಯದ ಪೂರ್ಣ ಅಳತೆ ಕಣ್ಣಿಗೆ ಸಿಕ್ಕಿಬಿಟ್ಟರೆ ಅರ್ಧ ಭಯ ಹೋಯಿತು ಎಂಬುದು ಅವನ ವಾದ. ಉದಾಹರಣೆಗೆ ಅವನು ಎತ್ತಿಕೊಂಡದ್ದು ಮಿಲ್ಟನ್ನನನ್ನೇ. ನರಕದ ಬಾಗಿಲಲ್ಲಿ ನಿಂತ ಮೃತ್ಯುವನ್ನು ಕವಿ ‘ಆಕಾರ ಎನ್ನಬಹುದಾದರೆ ಆಕಾರ’ ಎಂಬ ಧಾಟಿಯಲ್ಲಿ ವರ್ಣಿಸುತ್ತಾನೆ. ಏನೊಂದೂ ಖಚಿತವಿಲ್ಲ, ಅದಕ್ಕೇ ಎದೆ ನಡುಗುತ್ತದೆ. ಮುಂದುವರಿದು ಬರ್ಕ್ ಚಿತ್ರಕಾರರ ಮೇಲೆ ಕಟುವಾದ ಮಾತೊಂದನ್ನು ಹೇಳುತ್ತಾನೆ: ಇಂಥ ಭಯಂಕರ ಕಲ್ಪನೆಗಳನ್ನು ಸ್ಪಷ್ಟವಾಗಿ ಬರೆಯಲು ಹೋದ ಚಿತ್ರಕಾರರು ಹೆಚ್ಚುಕಡಿಮೆ ಯಾವಾಗಲೂ ಸೋತಿದ್ದಾರೆ, ನರಕದ ಚಿತ್ರಗಳನ್ನು ಕಂಡಾಗ ಇವರು ನಗಿಸಲು ಹೊರಟರೇ ಎಂಬ ಅನುಮಾನ ತನಗೆ ಬಂದಿದೆ ಎಂದು. ಚಿತ್ರದಲ್ಲೂ ವಿವೇಕದಿಂದ ಬಳಸಿದ ಅಸ್ಪಷ್ಟತೆ ಪರಿಣಾಮವನ್ನು ಹೆಚ್ಚಿಸೀತೆಂದು ಅವನು ಒಪ್ಪುತ್ತಾನೆ, ಆದರೆ ಒಟ್ಟಾರೆ ಪದಗಳ ಪಕ್ಷವೇ ಅವನದು.

ಮುಂದಿನ ಎಪ್ಪತ್ತು ವರ್ಷ ಕಾವ್ಯಗಳಿಗೆ ಚಿತ್ರ ಮಾಡಿದವರ ಎದುರಿಗೆ ಈ ಆಕ್ಷೇಪಣೆ ನಿಂತೇ ಇತ್ತು. ‘ಅಲ್ಲಿ ಬೆಳಕಿರಲಿಲ್ಲ, ಕಣ್ಣಿಗೆ ಕಾಣುವ ಕತ್ತಲೆಯಿತ್ತು’ ಎಂದು ಮಿಲ್ಟನ್ ಬರೆದುಬಿಡಬಹುದು. ಕಾಣುವ ಕತ್ತಲೆಯನ್ನು ಕಾಗದದ ಮೇಲೆ ತರುವವರು ಯಾರು? ಗೆರೆಯನ್ನೇ ನಂಬಿದ ಕೆತ್ತನೆ ಎಲ್ಲಕ್ಕೂ ಅಂಚು ಕಟ್ಟುತ್ತದೆ, ಅಂಚು ಕಟ್ಟಿದೊಡನೆ ಕತ್ತಲೆಗೆ ಅಳತೆ ಬರುತ್ತದೆ. ಅಂಚಿಲ್ಲದ ಕಪ್ಪನ್ನು ಕೊಡುವ ವಿಧಾನವೇ ಬೇಕಾಗಿತ್ತು. ಮೆಜೊಟಿಂಟ್ ಅದನ್ನು ಕೊಟ್ಟಿತು, ಕಲ್ಲಚ್ಚು ಇನ್ನೊಂದು ರೀತಿಯಲ್ಲಿ ಕೊಟ್ಟಿತು. ಒಲವು ಮೊದಲೋ ವಿಧಾನ ಮೊದಲೋ ಎಂದರೆ ಎರಡೂ ಒಂದನ್ನೊಂದು ಎಳೆದುಕೊಂಡು ಬಂದವು ಎನ್ನುವುದೇ ಸರಿ.

ಕಲ್ಲಚ್ಚು ಕನ್ನಡಿಗರಿಗೆ ಹೊಸದಲ್ಲ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಆರಂಭಿಸಿದ ನಮ್ಮ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಅಚ್ಚಾದದ್ದು ಕಲ್ಲಚ್ಚಿನಲ್ಲೇ. 18ನೆಯ ಶತಮಾನದ ಕೊನೆಗೆ ಅಲೋಯ್ಸ್ ಸೆನೆಫೆಲ್ಡರ್ ಕಂಡುಹಿಡಿದ ಈ ವಿಧಾನದ ಗುಟ್ಟು ಜಿಡ್ಡು ಮತ್ತು ನೀರಿನ ವೈರ. ಸುಣ್ಣಕಲ್ಲಿನ ಚಪ್ಪಟೆ ಮುಖದ ಮೇಲೆ ಜಿಡ್ಡಿನ ಬಳಪದಿಂದ ಬರೆದು ಕಲ್ಲನ್ನು ಒದ್ದೆ ಮಾಡಿದರೆ ಬರೆದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಕೆತ್ತುವ ನುರಿತ ಕೈ ಬೇಡ, ಬಳಪ ಹಿಡಿಯಬಲ್ಲ ಯಾವ ಚಿತ್ರಕಾರನಾದರೂ ತಾನೇ ಬರೆಯಬಹುದು.

ಡೆಲಾಕ್ರವಾ 1825ರಲ್ಲಿ ಲಂಡನ್ನಿಗೆ ಹೋಗಿದ್ದಾಗ ಅಲ್ಲಿನ ರಂಗಭೂಮಿಯಲ್ಲಿ ಫೌಸ್ಟನ ಕಥೆಯನ್ನು ನೋಡಿ ಮನಸೋತ. ಅವನ 17 ಚಿತ್ರಗಳು ಮತ್ತು ಗಯಟೆಯ ಒಂದು ಭಾವಚಿತ್ರ, ಆಲ್ಬೆರ್ ಸ್ಟಾಪ್ಫೆರನ ಫ್ರೆಂಚ್ ಅನುವಾದದೊಡನೆ 1828ರಲ್ಲಿ ಪ್ಯಾರಿಸ್ಸಿನಲ್ಲಿ ಶಾರ್ಲ್ ಮೋತ್ ಮುದ್ರಿಸಿದ ಪುಸ್ತಕವಾಗಿ ಬಂದವು. ಮೊದಲ ಚಿತ್ರದಲ್ಲಿ ನಾಟಕದ ಪಿಶಾಚಿ ಮೆಫಿಸ್ಟೊಫಿಲಿಸ್ ರೆಕ್ಕೆ ಹರಡಿ ಊರಿನ ಮೇಲೆ ಹಾರುತ್ತಿದ್ದಾನೆ, ಕೆಳಗೆ ಗೋಪುರಗಳು ಕಪ್ಪಗೆ ನಿಂತಿವೆ. ಡೆಲಾಕ್ರವಾ ಬಳಪಕ್ಕೆ ತೃಪ್ತನಾಗಲಿಲ್ಲ. ಜಿಡ್ಡಿನ ಶಾಯಿಯನ್ನೂ ಕುಂಚದಿಂದ ಹಚ್ಚಿದ, ಆಮೇಲೆ ಅಲಗು ಹಿಡಿದು ಆ ಕಪ್ಪನ್ನು ಕೆರೆದ. ಈ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದರೆ ಕಪ್ಪಿನ ಮೇಲೆ ಹರಿದಂತಿರುವ ಬಿಳಿಯ ಗೀರುಗಳು ಕಾಣುತ್ತವೆ. ಮಾರ್ಟಿನ್‌ನ ಬೆಳಕು ಮೆಲ್ಲಗೆ ಹಬ್ಬಿದರೆ ಇವನದು ಸಿಟ್ಟಿನಿಂದ ಕಿತ್ತುಕೊಂಡ ಬೆಳಕು. 1826ರ ಕೊನೆಗೆ ಕೆಲವು ಹಾಳೆಗಳನ್ನು ಕಂಡ ವೃದ್ಧ ಗಯಟೆ, ತಾನು ಕಲ್ಪಿಸಿಕೊಂಡಿದ್ದಕ್ಕಿಂತ ಇವನು ಮುಂದೆ ಹೋಗಿದ್ದಾನೆ ಎಂದು ತನ್ನ ಆಪ್ತ ಎಕರ್ಮನ್ನನ ಎದುರಿಗೆ ಮೆಚ್ಚಿದ. ಪ್ಯಾರಿಸ್ಸಿನ ವಿಮರ್ಶಕರಲ್ಲಿ ಹಲವರಿಗೆ ಅದು ಕುರೂಪವಾಗಿ ಕಂಡಿತು, ಪುಸ್ತಕ ಮಾರಾಟವಾಗಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಿಮಗೆ ತಪ್ಪು ಚಿತ್ರ ಸಿಕ್ಕೀತು. ಅದೇ ‘ಫೌಸ್ಟ್’ಗೆ ಡ್ರೆಸ್ಡನ್ನಿನ ಮೊರಿಟ್ಸ್ ರೆಟ್ಷ್ 1816ರಲ್ಲಿ ಪ್ರಕಟಿಸಿದ 26 ಚಿತ್ರಗಳಲ್ಲಿ ನೆರಳೆಂಬುದೇ ಇಲ್ಲವೆನ್ನಬೇಕು. ಬರಿಯ ತೆಳು ಹೊರಗೆರೆ, ಉಳಿದದ್ದೆಲ್ಲ ಬಿಳಿ ಕಾಗದ. ಇದಕ್ಕೆ ದಾರಿ ಹಾಕಿದ್ದು 1793ರಲ್ಲಿ ಹೋಮರನ ಕಾವ್ಯಗಳಿಗೆ ಜಾನ್ ಫ್ಲಾಕ್ಸ್‌ಮನ್ ಮಾಡಿದ ಗೆರೆಚಿತ್ರಗಳು. ಇವೂ ರೊಮ್ಯಾಂಟಿಕ್ ಕಾಲದವೇ, ಆ ಕಾಲದಲ್ಲಿ ಯೂರೋಪಿನ ತುಂಬ ಬಹಳ ಹರಿದಾಡಿದವು. ಕವಿ ಷೆಲ್ಲಿ 1822ರ ಪತ್ರವೊಂದರಲ್ಲಿ ರೆಟ್ಷ್‌ನ ಒಂದು ಚಿತ್ರವನ್ನು ಒಮ್ಮೆ ಮಾತ್ರ ನೋಡುವ ಧೈರ್ಯವಾಯಿತೆಂದೂ, ಆ ಚಿತ್ರವಿರುವ ಹಾಳೆಯ ಹಿಂಬದಿಯನ್ನು ಮುಟ್ಟಿದರೂ ತಲೆ ಸುತ್ತುತ್ತಿತ್ತೆಂದೂ ಬರೆದಿದ್ದಾನೆ. ನೆರಳಿಲ್ಲದ ಚಿತ್ರ ಒಬ್ಬ ಮಹಾಕವಿಯನ್ನು ಹೀಗೆ ಅಲುಗಿಸಿತು! ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಎಲ್ಲ ರಾತ್ರಿಗೂ ಕಪ್ಪು ಬೇಕೆಂದು ಯಾರೂ ನಿಯಮ ಮಾಡಿಲ್ಲ. ಕಥೆಯ ರಾತ್ರಿಯಲ್ಲಿ ಮುಖ್ಯವಾದದ್ದು ಇಬ್ಬರ ನಡುವಿನ ಮಾತಾಗಿದ್ದರೆ ಗೆರೆಯೇ ಸಾಕು. ಓದುಗನ ಕಣ್ಣು ದಾರಿ ತಪ್ಪಬೇಕು, ಏನಿದೆಯೆಂದು ತಿಳಿಯದೆ ಹುಡುಕಬೇಕು ಎಂದಿದ್ದರೆ ಕಪ್ಪು ಬೇಕು.

ಪುಸ್ತಕದ ಚಿತ್ರಕಾರರಾಗಿ ನಿಮಗೆ ಎಲ್ಲರಿಗಿಂತ ಹೆಚ್ಚು ಉಪಯೋಗವಾಗುವವರು ಮರದಲ್ಲಿ ಕೊರೆದ ಇಬ್ಬರು. ಮೊದಲನೆಯವನು ನ್ಯೂಕಾಸಲ್ಲಿನ ಥಾಮಸ್ ಬ್ಯೂಯಿಕ್ (1753–1828). ಹಳೆಯ ಮರದಚ್ಚಿನಲ್ಲಿ ಹಲಗೆಯ ಮೇಲೆ ಕಪ್ಪು ಗೆರೆ ಬರೆದು ಅದರ ಸುತ್ತಲಿನ ಮರವನ್ನು ಚಾಕುವಿನಿಂದ ತೆಗೆಯುತ್ತಿದ್ದರು. ಬ್ಯೂಯಿಕ್ ಬಾಕ್ಸ್‌ವುಡ್ ಎಂಬ ಗಟ್ಟಿ ಮರವನ್ನು ಅಡ್ಡಲಾಗಿ ಕೊಯ್ದು, ಆ ಕೊಯ್ದ ಮುಖದ ಮೇಲೆ ಲೋಹ ಕೆತ್ತುವ ಮೊನೆಯುಳಿಯಿಂದ ಕೆಲಸ ಮಾಡಿದ. ಏನೂ ಕೊರೆಯದ ಮರಕ್ಕೆ ಶಾಯಿ ಹಚ್ಚಿ ಒತ್ತಿದರೆ ಕಪ್ಪು ಚೌಕ. ಉಳಿ ಹೋದಲ್ಲೆಲ್ಲ ಬಿಳಿಗೆರೆ. ಅಂದರೆ ಅವನು ಬರೆದದ್ದೇ ಬೆಳಕಿನಲ್ಲಿ. ದೂರದ ಬೆಟ್ಟ ಮಸುಕಾಗಿ ಕಾಣಬೇಕಾದರೆ ಮರದ ಆ ಭಾಗವನ್ನು ಕೂದಲೆಳೆಯಷ್ಟು ತಗ್ಗಿಸಿಬಿಡುತ್ತಿದ್ದ. ಅಚ್ಚಿನ ಒತ್ತಡ ಅಲ್ಲಿ ಕಡಿಮೆ ಬಿದ್ದು ಕಪ್ಪು ತಾನಾಗಿ ಬೂದಾಗುತ್ತಿತ್ತು. ಒಂದೇ ಶಾಯಿಯಿಂದ ಹಲವು ಕಪ್ಪುಗಳು! ಇನ್ನೊಂದು ಅನುಕೂಲವೆಂದರೆ ಮರದ ತುಂಡು ಅಕ್ಷರದ ಮೊಳೆಗಳಷ್ಟೇ ಎತ್ತರವಿದ್ದು ಅವುಗಳ ಜೊತೆಗೇ ಕುಳಿತು ಅಚ್ಚಾಗುತ್ತಿತ್ತು. ಲೋಹದ ಫಲಕದ ಚಿತ್ರವನ್ನು ಬೇರೆ ಯಂತ್ರದಲ್ಲಿ ಒತ್ತಿ ಪುಸ್ತಕಕ್ಕೆ ಸೇರಿಸಬೇಕಿತ್ತು, ಇದು ಪದ್ಯದ ಸಾಲುಗಳ ನಡುವೆಯೇ ಬಂತು.

ಅವನ ಬ್ರಿಟಿಷ್ ಹಕ್ಕಿಗಳ ಪುಸ್ತಕದ ಎರಡು ಸಂಪುಟಗಳು 1797 ಮತ್ತು 1804ರಲ್ಲಿ ಬಂದವು. ಅಧ್ಯಾಯದ ಕೊನೆಗೆ ಉಳಿದ ಜಾಗದಲ್ಲಿ ಅವನು ಇಟ್ಟ ಪುಟ್ಟ ದೃಶ್ಯಗಳು ಹಕ್ಕಿಗಳಷ್ಟೇ ಹೆಸರಾದವು. 1847ರ ‘ಜೇನ್ ಐರ್’ ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಹುಡುಗಿ ಜೇನ್ ಪರದೆಯ ಹಿಂದೆ ಕುಳಿತು ನೋಡುವುದು ಈ ಪುಸ್ತಕವನ್ನೇ: ಅಲೆಗಳ ನಡುವೆ ಒಂಟಿ ಬಂಡೆ, ದಡಕ್ಕೆ ಬಿದ್ದ ಮುರುಕು ದೋಣಿ, ಮೋಡದ ಪಟ್ಟಿಗಳ ನಡುವಿನಿಂದ ಮುಳುಗುವ ಹಡಗನ್ನು ನೋಡುವ ತಣ್ಣನೆಯ ಚಂದ್ರ. ಪುಟದ ಮೂಲೆಯ ಚಿತ್ರಗಳಿಂದ ಒಂದು ಕಾದಂಬರಿಯ ಹವೆಯೇ ಹುಟ್ಟಿಕೊಂಡಿದೆ.

ಎರಡನೆಯವನು ಕವಿಯೂ ಚಿತ್ರಕಾರನೂ ಆದ ವಿಲಿಯಂ ಬ್ಲೇಕ್. ಈ ಉತ್ತರದಲ್ಲಿ ನಿಮ್ಮ ನೆನಪಿನಲ್ಲಿ ಒಬ್ಬನೇ ಉಳಿಯುವುದಾದರೆ ಅವನು ಉಳಿಯಲಿ. ಡಾ. ರಾಬರ್ಟ್ ಥಾರ್ನ್‌ಟನ್ ಶಾಲಾ ಮಕ್ಕಳಿಗಾಗಿ ಪ್ರಾಚೀನ ರೋಮಿನ ಕವಿ ವರ್ಜಿಲನ ಗೋಪಗೀತೆಗಳ ಪುಸ್ತಕವೊಂದನ್ನು ತರುತ್ತಿದ್ದ. 1821ರ ಅದರ ಮೂರನೆಯ ಆವೃತ್ತಿಗೆ ಅರವತ್ತು ದಾಟಿದ ಬ್ಲೇಕ್ 17 ಮರದಚ್ಚುಗಳನ್ನು ಕೊರೆದುಕೊಟ್ಟ. ಮರದಲ್ಲಿ ಹೀಗೆ ಕೊರೆಯುವುದು ಅವನಿಗೆ ರೂಢಿಯಿರಲಿಲ್ಲ. ಒಂದೊಂದೂ ಸುಮಾರು ಮೂರೂವರೆ ಸೆಂಟಿಮೀಟರ್ ಎತ್ತರ, ಏಳೂವರೆ ಸೆಂಟಿಮೀಟರ್ ಅಗಲ. ನುಣುಪಾದ ಕೆಲಸಕ್ಕೆ ಒಗ್ಗಿದ್ದ ವೃತ್ತಿಯವರಿಗೆ ಅವು ಒರಟೊರಟಾಗಿ ಕಂಡವು. ಮೂರು ಚಿತ್ರಗಳನ್ನು ಬೇರೆಯವರಿಂದ ನಾಜೂಕಾಗಿ ಕೆತ್ತಿಸಲಾಯಿತು, ಬ್ಲೇಕ್ ಕೊರೆದ ಮರದ ತುಂಡುಗಳನ್ನು ಪುಟಕ್ಕೆ ಹೊಂದಿಸಲು ಅಂಚಿನಲ್ಲಿ ಕತ್ತರಿಸಿಬಿಟ್ಟರು. ಇವುಗಳಲ್ಲಿ ಕುಶಲತೆಗಿಂತ ಪ್ರತಿಭೆಯೇ ಹೆಚ್ಚು ಎಂಬ ಅರ್ಥದ ಒಂದು ಸಮಜಾಯಿಷಿಯನ್ನೂ ಥಾರ್ನ್‌ಟನ್ ಅಚ್ಚು ಹಾಕಿಸಿದ. ಆ ಕತ್ತರಿಯ ಕೆಲಸವನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಕತ್ತರಿಸುವ ಮುಂಚೆ ತೆಗೆದ ಕೆಲವು ಪರೀಕ್ಷಾ ಪ್ರತಿಗಳು ಉಳಿದಿರುವುದು ನಮ್ಮ ಪುಣ್ಯ. ಮರದ ತುಂಡುಗಳು ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಬಿರುಗಾಳಿಗೆ ಬಾಗಿದ ಮರ ಮತ್ತು ನೆಲಕ್ಕೊರಗಿದ ಬೆಳೆಯ ಚಿತ್ರವನ್ನು ನೋಡಿ. ಬ್ಯೂಯಿಕ್ ಆಗಿದ್ದರೆ ಒಂದೊಂದು ಎಲೆಯನ್ನೂ ಲೆಕ್ಕಕ್ಕೆ ತರುತ್ತಿದ್ದ. ಬ್ಲೇಕ್ ತೆನೆಗಳನ್ನು ಬರೆಯುವುದಿಲ್ಲ, ಗಾಳಿ ಹೋದ ದಿಕ್ಕಿಗೆ ಗಿಡ್ಡ ಬಿಳಿ ಗೀರುಗಳನ್ನು ಎಳೆಯುತ್ತಾನೆ. ಉಳಿದ ಕಪ್ಪನ್ನು ಮುಟ್ಟದೆ ಬಿಡುತ್ತಾನೆ. ಬೆಳೆಯೂ ಗಾಳಿಯೂ ಬೆಳಕೂ ಅದೇ ಗೀರಿನಲ್ಲಿವೆ. ಈ ಪುಟ್ಟ ಚಿತ್ರಗಳನ್ನು ಕಂಡು ತರುಣ ಚಿತ್ರಕಾರ ಸ್ಯಾಮ್ಯುಯೆಲ್ ಪಾಮರ್ ಬೆರಗಾದ. ಇವು ಸ್ವರ್ಗದ ಸಣ್ಣ ಸಣ್ಣ ಮೂಲೆಗಳು, ಇವುಗಳ ನೆರಳು ಬೆಳಕನ್ನು ಹೇಳಲು ತನಗೆ ಪದ ಸಿಗುತ್ತಿಲ್ಲ ಎಂದು ಬರೆದುಕೊಂಡ. ಅವನ ಮುಂದಿನ ಸಂಜೆಗಳು, ಚಂದ್ರೋದಯಗಳು ಎಲ್ಲ ಇದರಿಂದ ಮೊಳೆತವು.

ಎದುರು ತುದಿಯಲ್ಲಿ ಇಂಗ್ಲಿಷ್ ಚಿತ್ರಕಾರ ಟರ್ನರ್ ಇದ್ದಾನೆ. ಸ್ಯಾಮ್ಯುಯೆಲ್ ರಾಜರ್ಸ್‌ನ ‘ಇಟಲಿ’ ಕಾವ್ಯದ 1830ರ ಆವೃತ್ತಿಗೆ ಅವನು ಮಾಡಿದ ಚೌಕಟ್ಟಿಲ್ಲದ ಚಿತ್ರಗಳನ್ನು ಇತರರು ಉಕ್ಕಿನಲ್ಲಿ ಕೆತ್ತಿದರು. ಅಂಚು ಕರಗಿ ಪುಟದ ಬಿಳಿಯಲ್ಲೇ ಸೇರುವುದರಿಂದ ಪುಟವಿಡೀ ಆಕಾಶವಾಗುತ್ತದೆ. ಅದು ಬೇರೆಯೇ ದಾರಿ, ನಿಮ್ಮ ರಾತ್ರಿಯ ತೊಡಕಿಗೆ ಅದರಿಂದ ಹೆಚ್ಚೇನೂ ಸಿಗದು.

ಇನ್ನು ನಿಮ್ಮ ಕೆಲಸದ ಮಾತು. ನಿಮ್ಮ ಕಪ್ಪು ಮಸಿಯಾಗಿ ಉಳಿಯಲು ಬಹುಶಃ ಎರಡು ಕಾರಣ. ಗೆರೆಯಲ್ಲಿ ಚಿತ್ರವನ್ನು ಪೂರ್ತಿ ಮುಗಿಸಿ, ಉಳಿದ ಜಾಗಕ್ಕೆ ಕೊನೆಯಲ್ಲಿ ಕಪ್ಪು ತುಂಬುತ್ತಿದ್ದೀರಿ. ಆಗ ಪ್ರತಿಯೊಂದು ವಸ್ತುವೂ ತನ್ನ ಅಂಚನ್ನು ಉಳಿಸಿಕೊಂಡಿರುತ್ತದೆ, ಕಪ್ಪು ಹಿಂದಿನ ಪರದೆಯಾಗುತ್ತದೆ. ಎರಡನೆಯದಾಗಿ, ಎಲ್ಲ ಕಪ್ಪೂ ಒಂದೇ ತೂಕದ್ದಾಗಿರಬಹುದು. ಮಾರ್ಟಿನ್‌ನ ಕತ್ತಲೆಯಲ್ಲಿ ದಿಟ್ಟಿಸಿದರೆ ಮಾತ್ರ ಕಾಣುವ ಇನ್ನೊಂದು ಬಂಡೆ ಇರುತ್ತದೆ. ಕಣ್ಣಿಗೆ ಅಲ್ಲಿ ಕೆಲಸವಿದೆ.

ಒಂದು ಅಭ್ಯಾಸ ಹೇಳುತ್ತೇನೆ. ದಪ್ಪ, ನುಣುಪು ಕಾಗದಕ್ಕೆ ಇಂಡಿಯನ್ ಇಂಕನ್ನು ಗಟ್ಟಿಯಾಗಿ ಹಚ್ಚಿ ಒಣಗಿಸಿ. ಬ್ಲೇಡಿನ ಮೂಲೆಯಿಂದ ದೃಶ್ಯದಲ್ಲಿ ಅತಿ ಹೆಚ್ಚು ಬೆಳಕು ಬಿದ್ದ ಜಾಗವನ್ನು ಮೊದಲು ಕೆರೆಯಿರಿ. ದೀಪದ ಪಕ್ಕದ ಕೆನ್ನೆ, ಬಾಗಿಲ ಸಂದು, ಏನಾದರೂ ಸರಿ. ಆಮೇಲೆ ಅದಕ್ಕಿಂತ ಕಡಿಮೆ ಬೆಳಕಿನ ಜಾಗ, ಅಲ್ಲಿ ಗೀರು ವಿರಳವಾಗಿರಲಿ. ಏನು ನಡೆಯುತ್ತಿದೆಯೆಂದು ತಿಳಿಯುವಷ್ಟು ಬೆಳಕು ಬಂದ ಕೂಡಲೇ ಕೈ ತೆಗೆಯಿರಿ. ಹೊರಗೆರೆ ಬರೆಯಬೇಡಿ. ಹೀಗೆ ಕೆರೆಯಲೆಂದೇ ಕಪ್ಪು ಹಚ್ಚಿ ಮಾಡಿದ ಸ್ಕ್ರ್ಯಾಚ್‌ಬೋರ್ಡ್ ಸಿಕ್ಕರೆ ಇನ್ನೂ ಒಳ್ಳೆಯದು. ಲಿನೋ ಹಾಳೆಯಲ್ಲಿ ಕೊರೆದು ಅಚ್ಚು ತೆಗೆಯುವವರಿಗೆ ಈ ಮಾತು ಹೇಳಬೇಕಾಗಿಯೇ ಇಲ್ಲ. ಟ್ಯಾಬ್ಲೆಟ್ಟಿನಲ್ಲಿ ಬರೆಯುವುದಾದರೆ ಹಾಳೆಯನ್ನು ಕಪ್ಪು ಮಾಡಿಕೊಂಡು ಅಳಿಸುವ ಉಪಕರಣದಿಂದಲೇ ಚಿತ್ರ ಬರೆಯಿರಿ, ಆದರೆ ದೊಡ್ಡದು ಮಾಡಿ ಕೆಲಸ ಮಾಡುವ ಚಪಲವನ್ನು ಬಿಡಿ. ಪತ್ರಿಕೆಯ ಕಾಗದ ಶಾಯಿಯನ್ನು ಹೀರಿ ಹರಡಿಸುತ್ತದೆ, ತೀರ ತೆಳ್ಳಗಿನ ಬಿಳಿಗೆರೆಗಳು ಮುಚ್ಚಿಹೋಗುತ್ತವೆ. ಅಚ್ಚಾಗುವ ಅಳತೆಯಲ್ಲೇ, ಸಾಧ್ಯವಾದರೆ ಅದೇ ಬಗೆಯ ಕಾಗದದ ಮೇಲೆ ಒಂದು ಪ್ರತಿ ತೆಗೆದು ನೋಡಿ, ಮುಚ್ಚಿಹೋದ ಗೀರುಗಳನ್ನು ಅಗಲ ಮಾಡಿ ಆಮೇಲೆ ಕಳಿಸಿ.